ಬಡಿದೇ ಹೊಸದು ಮಾಡುತ್ತಿದ್ದ ಅಕ್ಕ

ಆ ಸದ್ದು ಮೊದಲ ಸಲ ಕೇಳಿದಾಗ ಪಕ್ಕದ ಮನೆಯಲ್ಲಿ ಯಾರನ್ನೋ ಸಾಯಬಡಿಯುತ್ತಿದ್ದಾರೆ ಅಂದುಕೊಂಡೆ. ಧಡ್ ಧಡ್ ಅಂತ ಏಟು, ಏಟಿಗೊಂದು ಬೈಗುಳ. "ಸಾಯಿ! ಇನ್ನೂ ಬಗ್ಗಲ್ವಾ ನೀನು? ನಿನ್ನ ಸೊಕ್ಕು ಮುರೀತೀನಿ ತಾಳು. ಚಂಪೇಸ್ತಾ!" ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು, ಬೇಲಿ ಹಾರಿ ಓಡಿದೆ. ಅಂಗಳದಲ್ಲಿ ಅಕ್ಕ ಕಾಲು ಚಾಚಿ ಕೂತಿದ್ದಳು. ಎರಡು ಮೊಣಕಾಲ ನಡುವೆ ತಗ್ಗುಬಿದ್ದ ಹಿತ್ತಾಳೆ ಬಿಂದಿಗೆ, ಕೈಯಲ್ಲಿ ಮರದ ಕೊಡತಿ, ಹಣೆಯಿಂದ ಧಾರೆಯಾಗಿ ಇಳಿಯುವ ಬೆವರು. ನನ್ನನ್ನು ನೋಡಿ ಎತ್ತಿದ ಕೊಡತಿ ಇಳಿಸದೆ ಕೇಳಿದಳು: "ಏನ್ಲಾ ಫೋಟೋದವನೇ, ನಿನಗೂ ಬೇಕಾ?"

ಅವಳ ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ. ಕಳೆದ ತಿಂಗಳು ಹೋಗಿಬಿಟ್ಟಳು. ಅಂದಿನಿಂದ ಒಬ್ಬರಲ್ಲ ಒಬ್ಬರು ನನ್ನ ಅಂಗಡಿಗೆ ಬಂದು, "ನೀನು ತೆಗೆದ ಫೋಟೋ ಇರುತ್ತಲ್ಲ, ಒಂದು ಒಳ್ಳೇದು ನೋಡಿ ಹಾಕಪ್ಪಾ" ಅನ್ನುತ್ತಿದ್ದಾರೆ. ಮುಳಬಾಗಿಲಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮನೆ ಮಾತ್ರ ಆವನಿ ಕಡೆಯ ದಾರಿಯಲ್ಲಿ, ಅಕ್ಕನ ಮನೆಗೆ ಅಂಟಿಕೊಂಡ ಹಾಗೆ. ಫೋಟೋ ಬೇಕಾದಷ್ಟಿವೆ. ಒಂದನ್ನೂ ತೆರೆದು ನೋಡಲು ನನಗೆ ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೋಡಲು ಕುಳ್ಳಿ. ಮುಂಗೈ ಮಾತ್ರ ಗಂಡಸರದ್ದು. ಎಡ ಹುಬ್ಬಿನ ಮೇಲೊಂದು ಹಳೇ ಗಾಯದ ಗುರುತು; ಯಾರು ಹೊಡೆದದ್ದು ಅಂತ ಕೇಳಿದರೆ "ಹೊಡೆದೋನ ಹಲ್ಲು ಎಷ್ಟು ಉಳಿದಿದ್ವು ಅಂತ ಕೇಳು" ಅನ್ನುತ್ತಿದ್ದಳು. ತವರು ಗಡಿಯಾಚೆ. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದಾಗ ತೆಲುಗು. ಹಾಗಾಗಿ ನಾವು ಕೇಳಿದ್ದು ಹೆಚ್ಚಾಗಿ ತೆಲುಗೇ.

ಹಳೇ ಸಾಮಾನಿನ ವಿಷಯಕ್ಕೆ ಅವಳದೊಂದು ಸಿದ್ಧಾಂತವಿತ್ತು. "ಹಳೇದನ್ನ ಮುದ್ದು ಮಾಡಿದ್ರೆ ಹಳೇದಾಗೇ ಸಾಯುತ್ತೆ ಕಣೋ. ಮೊದ್ಲು ಚರ್ಮ ಸುಲೀಬೇಕು. ಆಮೇಲೆ ಬಡೀಬೇಕು. ಅಯ್ಯೋ ಸಾಕು ಬಿಡಮ್ಮಾ ಅಂತ ಅದೇ ಕೈ ಮುಗೀಬೇಕು. ಬಣ್ಣ ಹಚ್ಚೋದು ಅದಾದ್ಮೇಲೆ." ಇದನ್ನು ಹೇಳುವಾಗ ಅವಳ ಕಣ್ಣು ನೋಡಿದರೆ, ಕುರ್ಚಿಯ ಮಾತೋ ಮನುಷ್ಯರ ಮಾತೋ ಅಂತ ಅನುಮಾನ ಬರುತ್ತಿತ್ತು.

ಅವಳ ಗಂಡ, ನಾನು ಭಾವ ಅನ್ನುವವರು, ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಕೆಲಸ. ಇರುವೆಗೂ ದಾರಿ ಬಿಟ್ಟು ನಡೆಯುವವರು. ಅವರಿಗೊಬ್ಬ ತಮ್ಮ. ಅಣ್ಣತಮ್ಮಂದಿರು ಬೇರೆಯಾದಾಗ ನಮ್ಮ ಕಡೆಯ ಪದ್ಧತಿಯ ಹಾಗೆ ಅಣ್ಣ ಪಾಲು ಮಾಡಿದರು, ತಮ್ಮ ಮೊದಲು ಆರಿಸಿಕೊಂಡ. ಆರಿಸಿಕೊಂಡಿದ್ದು ದೊಡ್ಡಮನೆಯನ್ನು. ಅಕ್ಕನ ಪಾಲಿಗೆ ಬಂದದ್ದು ದನದ ಕೊಟ್ಟಿಗೆ, ಅದರ ಸುತ್ತಲಿನ ಜಾಗ, ಮತ್ತು ಮೂರು ತಲೆಮಾರಿನಿಂದ ಕೊಟ್ಟಿಗೆಯಲ್ಲಿ ಬಿಸಾಕಿದ್ದ ಮುರುಕು ಸಾಮಾನು. ಪಂಚಾಯಿತಿಗೆ ಕೂತಿದ್ದ ಹಿರಿಯರು ಈಗ ಅಳುತ್ತಾಳೆ, ಆಗ ಅಳುತ್ತಾಳೆ ಅಂತ ಕಾದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಕೊಟ್ಟಿಗೆಗೆ ನಡೆದು ಬಾಗಿಲಿಗೆ ಒದ್ದಳು. ಬಾಗಿಲು ಚೌಕಟ್ಟಿನ ಸಮೇತ ಒಳಗೆ ಬಿತ್ತು. "ಇದು ನಂದು ಅಂತ ಬರ್ಕೊಂಡ್ರಾ?" ಅಂತ ತಿರುಗಿ ಕೇಳಿದಳು. ಬರೆದುಕೊಂಡಿದ್ದೇವೆ ಅಂದರು. "ಹಂಗಾದ್ರೆ ಎಲ್ಲಾರೂ ಎದ್ದು ಹೋಗಿ, ಗುಡಿಸ್ಬೇಕು."

ಒಂದು ವರ್ಷ ನಮ್ಮ ಕಿವಿಗೆ ನೆಮ್ಮದಿ ಇರಲಿಲ್ಲ. ಟೊಮ್ಯಾಟೊ ತುಂಬುವ ಮರದ ಪೆಟ್ಟಿಗೆಗಳನ್ನು ಭಾವ ಮಂಡಿಯಿಂದ ತರುವರು. ಅಕ್ಕ ಅವನ್ನು ಕಾಲಲ್ಲಿ ತುಳಿದು ಬಿಚ್ಚಿ, ಮೊಳೆ ಕಿತ್ತು, ಡೊಂಕಾದ ಒಂದೊಂದು ಮೊಳೆಯನ್ನೂ ಕಲ್ಲಿನ ಮೇಲಿಟ್ಟು ನೆಟ್ಟಗೆ ಬಡಿದು, ಅದೇ ಹಲಗೆ ಅದೇ ಮೊಳೆಯಲ್ಲಿ ಗೋಡೆಗೆ ಶೆಲ್ಫು ಹೊಡೆದಳು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ಚಂದ್ರಂಕಿಗಳು ಈಗ ಯಾರಿಗೂ ಬೇಡ, ಎಲ್ಲರೂ ಪ್ಲಾಸ್ಟಿಕ್ಕಿಗೆ ಹೋಗಿದ್ದಾರೆ. ಊರೆಲ್ಲ ತಿಪ್ಪೆಗೆ ಹಾಕಿದ್ದನ್ನು ಇವಳು ಎಳೆದು ತಂದು, ಸೀಮೆಎಣ್ಣೆಯಲ್ಲಿ ಒರೆಸಿ, ಕೆಮ್ಮಣ್ಣು ಬಳಿದು, ನಡುಮನೆಗೂ ಅಡುಗೆಮನೆಗೂ ನಡುವೆ ಮರೆಯಾಗಿ ನಿಲ್ಲಿಸಿದಳು. ಬಿಸಿಲು ಅದರ ಸುತ್ತುಗಳಿಂದ ತೂರಿ ಬಂದು ನೆಲದ ಮೇಲೆ ಬಿದ್ದಾಗ, ಕ್ಯಾಮೆರಾ ಹಿಡಿದು ಮೂವತ್ತು ವರ್ಷವಾದ ನಾನೂ ಸುಮ್ಮನೆ ನಿಂತುಬಿಟ್ಟಿದ್ದೆ. ಹಳೇ ಸೀರೆಗಳನ್ನು ಹಲ್ಲಲ್ಲಿ ಕಚ್ಚಿ ಪರ್ರೆಂದು ಹರಿದು, ಜಡೆ ಹೆಣೆದು ಕಾಲೊರಸು ಮಾಡಿದಳು. ತುಕ್ಕು ಹಿಡಿದ ಟ್ರಂಕನ್ನು ಇಟ್ಟಿಗೆಪುಡಿಯಲ್ಲಿ ಉಜ್ಜಿ ಉಜ್ಜಿ, ಅಂಗೈ ಸುಲಿದು ರಕ್ತ ಬಂದರೂ ಬಿಡದೆ, ಹಸಿರು ಬಣ್ಣ ಹೊಡೆದು ಟೀಪಾಯಿ ಮಾಡಿದಳು. ಮನೆಗೆ ದುಡ್ಡು ಕೊಟ್ಟು ತಂದದ್ದು ಬಣ್ಣ, ಟರ್ಪೆಂಟೈನು, ಒಂದು ಗರಗಸ ಅಷ್ಟೇ. ಬ್ರಷ್ಷು ಕೂಡ ಈಚಲ ಕಡ್ಡಿಯ ತುದಿ ಜಜ್ಜಿ ಮಾಡಿಕೊಂಡದ್ದು.

ಅವಳ ಕೈ ಬರೀ ಸಾಮಾನಿನ ಮೇಲೆ ಹೋಗುತ್ತಿರಲಿಲ್ಲ. ಮುಳಬಾಗಿಲಿನ ಗುಜರಿ ಅಂಗಡಿಯವನೊಬ್ಬ ಇವಳು ಆರಿಸಿಟ್ಟಿದ್ದ ಸೈಕಲ್ ರಿಮ್ಮನ್ನು ಬೇರೆಯವರಿಗೆ ಕೊಟ್ಟುಬಿಟ್ಟು, "ಏನಮ್ಮಾ, ತುಕ್ಕಿಗೆ ಇಷ್ಟು ಕೂಗಾಡ್ತೀಯ, ಮನೇಲಿ ಗಂಡ ಇಲ್ವಾ?" ಅಂದ. ತೂಕದ ಕಲ್ಲು ಅವನ ಭುಜದ ಮೂಳೆಗೆ ಬಿತ್ತು. ತಪ್ಪಿ ತಲೆಗೆ ಬಿದ್ದಿದ್ದರೆ ಅವತ್ತೇ ಜೈಲು. ಇನ್ನೊಮ್ಮೆ ನನ್ನ ಹೆಂಡತಿ ತನ್ನ ತವರಿನ ಬೀರು ಹೊಸದು ಮಾಡಿಕೊಡು ಅಂತ ಕೇಳಿ, ಪಕ್ಕದಲ್ಲಿ ನಿಂತು "ಮೆಲ್ಲಗೆ ಅಕ್ಕ, ಗೀಚುತ್ತೆ ಅಕ್ಕ" ಅನ್ನುತ್ತಲೇ ಇದ್ದಳು. ಅಕ್ಕ ಉಜ್ಜುವುದು ನಿಲ್ಲಿಸಿ, ಸುತ್ತಿಗೆಯಲ್ಲಿ ಬೀರುವಿನ ಬಾಗಿಲಿಗೆ ಒಂದು ಕೊಟ್ಟಳು. ಅಂಗೈಯಗಲ ಗುಳಿ. "ಈಗ ಹೆದರೋಕೆ ಏನೂ ಉಳೀಲಿಲ್ಲ ಅಲ್ವಾ? ಒಳಗೆ ಹೋಗು." ಸಂಜೆಗೆ ಆ ಗುಳಿಯನ್ನೇ ಒಂದು ಸೂರ್ಯಕಾಂತಿ ಹೂವಿನ ಮಧ್ಯವನ್ನಾಗಿ ಮಾಡಿ ಬಿಡಿಸಿದ್ದಳು. ನನ್ನ ಹೆಂಡತಿ ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ, ಬೈದುಕೊಂಡೇ ತೋರಿಸುತ್ತಾಳೆ.

ಅವಳೆಂದರೆ ನನಗೆ ಭಯ, ಅಷ್ಟೇ ಪ್ರೀತಿ. ಒಡಹುಟ್ಟಿದ ಅಕ್ಕ ನನಗಿಲ್ಲ. ಇದ್ದಿದ್ದರೂ ಹೀಗೆ ಬೈಸಿಕೊಳ್ಳುವ ಭಾಗ್ಯ ಸಿಗುತ್ತಿತ್ತೋ ಇಲ್ಲವೋ.

ಕೊನೆಗೆ ಉಳಿದದ್ದು ಕೊಟ್ಟಿಗೆಯ ಗೋದಲಿ, ಅಂದರೆ ದನ ಮೇವು ತಿನ್ನುವ ತೊಟ್ಟಿ. ಅದಕ್ಕೆ ಅಡ್ಡ ಹಾಕಿದ್ದ ಹೊನ್ನೆಮರದ ಹಲಗೆ ಆಳುದ್ದ ಇತ್ತು. ಅದನ್ನು ಕಿತ್ತು, ಬಾಚಿಯಲ್ಲಿ ಕೆತ್ತಿ, ಮೂರು ದಿನ ಉಜ್ಜಿ, ಮುರಿದ ಮಂಚದ ನಾಲ್ಕು ಕಾಲು ಹೊಡೆದು, ಹಸಿರು ಬಣ್ಣ ಬಳಿದು ಬಾಗಿಲ ಪಕ್ಕ ಬೆಂಚು ಮಾಡಿ ಹಾಕಿದಳು. ಮೊದಲು ನನ್ನನ್ನೇ ಕೂರಿಸಿದಳು. "ಅಲ್ಲಾಡುತ್ತಾ? ಅಲ್ಲಾಡಿದ್ರೆ ಹೇಳು, ಅದರ ಕಾಲು ಮುರೀತೀನಿ. ಸುಳ್ಳು ಹೇಳಿದ್ರೆ ನಿಂದು."

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಎಲ್ಲರ ಕೈಯಲ್ಲೂ ಫೋನು ಬಂದ ಮೇಲೆ ಸ್ಟುಡಿಯೋಗೆ ಬರುವವರು ಪಾಸ್‌ಪೋರ್ಟ್ ಸೈಜಿನವರು ಮಾತ್ರ. ನಾನೂ ವಿಡಿಯೋ ಮಾಡಿ ಹಾಕುತ್ತಿದ್ದೆ, ಯಾರೂ ನೋಡುತ್ತಿರಲಿಲ್ಲ. ಅಕ್ಕನ ಮನೆಯನ್ನು ತೆಗೆದೆ. ಚಂದ್ರಂಕಿ, ಶೆಲ್ಫು, ಟ್ರಂಕು, ಬಿಂದಿಗೆ, ಎಲ್ಲ ಚೆನ್ನಾಗಿ ಬಂದಿತ್ತು. ಕೊನೆಗೆ ಬೆಂಚು. ದನದ ಗೋದಲಿ ಹಲಗೆ ಅಂತ ಬರೆದರೆ ಯಾರು ನೋಡುತ್ತಾರೆ ಅನ್ನಿಸಿತು. ದೊಡ್ಡಮನೆಗೆ ಅಕ್ಕನ ಮೈದುನ, ಅಂದರೆ ಭಾವನ ತಮ್ಮ, ಗ್ರಾನೈಟ್ ಹಾಕಿಸುವಾಗ ಹಳೇ ಹೊಸ್ತಿಲು ಕಿತ್ತಿದ್ದ. ಗಾರೆಯವರು ಅದನ್ನು ಎಲ್ಲಿ ಹಾಕಿದರೋ ಯಾರಿಗೂ ಗೊತ್ತಿರಲಿಲ್ಲ. ಅದು ನೆನಪಾಗಿ, ಅಕ್ಕನನ್ನು ಒಂದು ಮಾತು ಕೇಳದೆ, ದಪ್ಪಕ್ಷರದಲ್ಲಿ ಬರೆದೆ: 'ನೂರು ವರ್ಷದ ಮನೆಯ ಹೊಸ್ತಿಲು ಈಗ ಕೂರುವ ಬೆಂಚು!'

ಹೊಸ್ತಿಲು ಅಂದರೆ ನಮ್ಮಲ್ಲಿ ಲಕ್ಷ್ಮಿ. ಅರಿಸಿನ ಕುಂಕುಮ ಇಟ್ಟು ದಾಟುತ್ತೇವೆ, ತುಳಿಯುವುದಿಲ್ಲ. ಅದರ ಮೇಲೆ ಕೂತ ಮಗುವಿಗೆ ಪೆಟ್ಟು ಬೀಳುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಬರೆದೆ, ಜನ ಬೆಚ್ಚಿ ನೋಡಲಿ ಅಂತ. ಜನ ನೋಡಿದರು. ನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವ ಕಂಪನಿ ಬಸ್ಸುಗಳಲ್ಲೆಲ್ಲ ಫೋನಿಂದ ಫೋನಿಗೆ ಹಾರಿತು. ನಾನು ಎದೆಯುಬ್ಬಿಸಿಕೊಂಡು ತಿರುಗಿದೆ. ಅಕ್ಕ ಕೀಪ್ಯಾಡ್ ಫೋನಿನವಳು, ಅವಳಿಗೆ ತೋರಿಸುವಾಗ ಆ ಸಾಲು ಬರುವ ಮೊದಲೇ ನಿಲ್ಲಿಸಿದೆ.

ಅದೇ ತಿಂಗಳು ಮೈದುನನ ಮನೆಯಲ್ಲಿ ಒಂದರ ಮೇಲೊಂದು ಕೇಡು. ಗಬ್ಬದ ಹಸು ಸತ್ತಿತು. ಅವನ ಹೆಂಡತಿ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಳು. ಶಾಸ್ತ್ರ ಕೇಳಲು ಹೋದರೆ ಹೇಳುವವನು, ಮನೆ ಲಕ್ಷ್ಮಿಗೆ ಅಪಚಾರ ಆಗಿದೆ ಅಂದನಂತೆ. ಮೈದುನ ಮನೆಗೆ ವಾಪಸು ಬರುವಷ್ಟರಲ್ಲಿ ಕಂಪನಿ ಬಸ್ಸಿನ ಯಾರೋ ನೆಂಟ ಆ ವಿಡಿಯೋ ಅವನ ಫೋನಿಗೆ ಕಳಿಸಿದ್ದ.

ಬೆಳಿಗ್ಗೆ ಹತ್ತು ಗಂಟೆ. ನಾನು ಅಕ್ಕನ ಅಂಗಳದಲ್ಲೇ ಇದ್ದೆ, ಎರಡನೇ ವಿಡಿಯೋ ತೆಗೆಯಲು. ಅವಳು ಬೆಂಚಿನ ಕಾಲಿಗೆ ಇನ್ನೊಂದು ಕೈ ಬಣ್ಣ ಹೊಡೆಯುತ್ತಿದ್ದಳು. ಮೈದುನ ಇಬ್ಬರನ್ನು ಕಟ್ಟಿಕೊಂಡು ಬಂದ. ಅವರ ಕೈಯಲ್ಲಿ ಹಾರೆ, ಇವನ ಕೈಯಲ್ಲಿ ಮಚ್ಚು. ಮಾತಿಲ್ಲ ಕತೆಯಿಲ್ಲ, ಒಬ್ಬ ಒಳಗೆ ನುಗ್ಗಿ ಹಾರೆಯಿಂದ ಚಂದ್ರಂಕಿಗಳನ್ನು ತಿವಿದು ತಿವಿದು ಹರಿದ. ಇನ್ನೊಬ್ಬ ಶೆಲ್ಫಿಗೆ ಹಾರೆ ಹಾಕಿ ಗೋಡೆಯ ಗಾರೆ ಸಮೇತ ಎಳೆದ. ಪಿಂಗಾಣಿ ಒಡೆಯುವ ಸದ್ದು, ಟ್ರಂಕಿನ ಮೇಲೆ ಹಾರೆ ಬೀಳುವ ಸದ್ದು. ಸದ್ದು ಕೇಳಿ ಊರ ಜನ ಬೇಲಿಯಾಚೆ ಬಂದು ನಿಂತರು. ಮೈದುನ ಬೆಂಚಿನ ಎದುರು ನಿಂತು ಮಚ್ಚು ಎತ್ತಿ ಮೊದಲ ಏಟು ಹಾಕಿದ. ಹೊನ್ನೆ ಹಲಗೆ ಸೀಳಲಿಲ್ಲ, ಹಸಿರು ಬಣ್ಣ ಸಿಪ್ಪೆಯಾಗಿ ಹಾರಿತು.

"ನಮ್ಮ ಹೊಸ್ತಿಲ ಮೇಲೆ ಅಂಡೂರಿ ಕೂತ್ಕೊಳ್ತೀಯೇನೇ? ನಮ್ಮನೆ ಹಾಳು ಮಾಡೋಕೆ?"

"ಹೊಸ್ತಿಲಾ? ಯಾವ ಹೊಸ್ತಿಲೋ? ಇದು ಗೋದಲಿ ಹಲಗೆ ಕಣೋ, ಕಣ್ಣಿಲ್ವಾ ನಿನಗೆ?"

"ಸುಳ್ಳು ಬೊಗಳಬೇಡ. ಫೋನಲ್ಲಿ ಐತೆ. ಇವನೇ ಬರ್ದಿರೋದು." ಮಚ್ಚಿನ ತುದಿ ನನ್ನ ಕಡೆ ತಿರುಗಿತು. "ಹೇಳೋ ಫೋಟೋದವನೇ, ಹೊಸ್ತಿಲೋ ಅಲ್ವೋ? ಹೇಳು!"

ಅಕ್ಕ ನನ್ನನ್ನು ನೋಡಿದಳು. ಅವನೂ ನೋಡಿದ. ಒಂದೇ ಒಂದು ಮಾತು ಸಾಕಿತ್ತು: ಅಲ್ಲ, ನಾನು ಸುಳ್ಳು ಬರೆದೆ. ಆದರೆ ನನ್ನ ಕಣ್ಣು ಮಚ್ಚನ್ನು ನೋಡುತ್ತಿತ್ತು, ಸುಳ್ಳು ಬರೆದವನ ಕುತ್ತಿಗೆ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಿಬಿಡುತ್ತದೆ ಅನ್ನಿಸಿತು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಅವನು ಮಚ್ಚು ಎತ್ತಿದ. ಅಕ್ಕ ಬೆಂಚಿನ ಮೇಲೆ ಬಿದ್ದು ಬಲಗೈ ಅಡ್ಡ ಚಾಚಿದಳು.

ಕೂಗಿಕೊಂಡದ್ದು ಅವಳಲ್ಲ, ನಾನು. ಅವಳು ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು, ಬೇರೆ ಯಾರದೋ ಅನ್ನುವ ಹಾಗೆ. ಆಮೇಲೆ ಎಡಗೈಯಲ್ಲಿ ನೆಲದ ಮೇಲಿದ್ದ ಕೊಡತಿ ಎತ್ತಿಕೊಂಡಳು. ಮೊದಲ ಏಟು ಅವನ ಮೊಣಕಾಲಿಗೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನ ಬೆನ್ನಿಗೆ, ಪಕ್ಕೆಗೆ, ಮತ್ತೆ ಅದೇ ಮೊಣಕಾಲಿಗೆ. ಏಟಿಗೊಮ್ಮೆ ಅವಳ ಬಲಗೈಯಿಂದ ರಕ್ತ ಹಾರಿ ಸುಣ್ಣದ ಗೋಡೆಗೆ ಬಡಿಯುತ್ತಿತ್ತು. ಜೊತೆಗೆ ಬಂದಿದ್ದ ಇಬ್ಬರೂ ಹಾರೆ ಬಿಟ್ಟು ಓಡಿದರು. ಊರಿನ ನಾಲ್ಕು ಗಂಡಸರು ಬಂದು ಹಿಡಿದುಕೊಳ್ಳದಿದ್ದರೆ ಅವನು ಅಲ್ಲೇ ಹೆಣವಾಗುತ್ತಿದ್ದ. ಅವರು ಹಿಡಿದುಕೊಂಡಾಗಲೂ ಅವಳು ಕಾಲಲ್ಲಿ ಒದೆಯುತ್ತಿದ್ದಳು.

ತೋರುಬೆರಳು, ನಡುಬೆರಳು. ಎತ್ತಿಕೊಂಡವನು ನಾನು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಹಸಿಯಾಗಿತ್ತು. ಹಾಲಿನ ಕವರಿನಲ್ಲಿ ಹಾಕಿ, ಅಂಗಡಿಯ ಐಸ್ ಕ್ಯಾಂಡಿ ತುಂಬಿ, ಆಟೋದಲ್ಲಿ ಕೋಲಾರದವರೆಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಡಾಕ್ಟರು ನೋಡಿ ತಲೆಯಾಡಿಸಿದರು. ಆ ಕವರು ಹೊರಗೆ ಹಾಕುವಾಗಲೂ ನನ್ನ ಬಾಯಲ್ಲಿ ನಿಜ ಬರಲಿಲ್ಲ.

ಹದಿನೈದು ದಿನದ ಮೇಲೆ ಸ್ಟೇಷನ್ನಿನಲ್ಲಿ ರಾಜಿಗೆ ಕೂತರು. ಅವಳ ಬೆರಳು, ಅವನ ಕಾಲು. ಎರಡೂ ಕಡೆ ದೂರು, ಎರಡೂ ಕಡೆಗೂ ಜೈಲಿನ ಭಯ. ಊರಿನ ಹಿರಿಯರೊಬ್ಬರು ಕೇಳಿದರು: "ಅದೆಲ್ಲಾ ಸರಿ. ಅದನ್ನ ಹೊಸ್ತಿಲು ಅಂತ ಹೇಳಿದ್ದು ಯಾರು?" ನಾನು ಗೋಡೆಗೆ ಒರಗಿ ನಿಂತಿದ್ದೆ, ಕಾಲು ನಡುಗುತ್ತಿತ್ತು. ಅಕ್ಕ ಕಟ್ಟು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ನಾನೇ. ನಾನೇ ಬರಿ ಅಂತ ಹೇಳ್ದೆ. ಚೆನ್ನಾಗಿರುತ್ತೆ ಅಂತ." ಕೂತವರೆಲ್ಲ ಛೀ ಅಂದರು. ದೊಡ್ಡಮನೆಯ ಮುಂದೆ ಹೋಗಿ ಹೊಸ ಹೊಸ್ತಿಲಿಗೆ ಪೂಜೆ ಮಾಡಿ ತಪ್ಪಾಯಿತು ಅನ್ನಬೇಕು ಅಂತ ತೀರ್ಮಾನ ಮಾಡಿದರು. ಮೂರು ಬೆರಳಿನಲ್ಲಿ ಕುಂಕುಮ ಹಿಡಿದು, ಅವಳು ಅದನ್ನೂ ಮಾಡಿದಳು.

ಹೊರಗೆ ಬಂದ ಮೇಲೆ ನಾನು "ಅಕ್ಕಾ" ಅಂದೆ. ಅವಳು ನಿಂತಳು. "ಅವತ್ತೇ ನಿನಗೆ ಬಾಯಿ ಬರ್ಲಿಲ್ಲ, ಇವತ್ತೂ ಬರಲ್ಲ ಅಂತ ಗೊತ್ತಿತ್ತು. ನೀನು ನಡುಗ್ತಾ ನಿಂತಿರೋದು ನೋಡೋಕಾಗ್ಲಿಲ್ಲ, ಅದಕ್ಕೆ ನಾನೇ ಹೇಳ್ದೆ. ಇನ್ನ ನಮ್ಮ ಅಂಗಳಕ್ಕೆ ಕಾಲಿಡಬೇಡ." ಬೈಗುಳವಿಲ್ಲ, ತೆಲುಗಿಲ್ಲ. ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ನಾಲ್ಕು ವರ್ಷದ ಹಿಂದಿನದು.

ಆಮೇಲೂ ಬೇಲಿಯಾಚೆಯಿಂದ ಸದ್ದು ಬರುತ್ತಿತ್ತು. ಎಡಗೈಯ ಸದ್ದು. ಹರಿದ ಚಂದ್ರಂಕಿಗಳನ್ನು ತಂತಿಯಲ್ಲಿ ಹೊಲಿದಳು, ಶೆಲ್ಫು ಮತ್ತೆ ಹೊಡೆದಳು, ಸೊಟ್ಟಗೆ. ಎರಡು ಏಟು ಮೊಳೆಗೆ ಬಿದ್ದರೆ ಮೂರನೆಯದು ಕೈಗೆ. ಆಗ ಒಂದು ಚೀತ್ಕಾರ, ಸುತ್ತಿಗೆ ಗೋಡೆಗೆ ಎಸೆದ ಸದ್ದು, ಮತ್ತೆ ಶುರು. ನಾನು ಈಚೆ ಕೂತು ಎಣಿಸುತ್ತಿದ್ದೆ. ಒಂದು ದಿನ ಹಣ್ಣು ಹಿಡಿದು ಬಾಗಿಲವರೆಗೆ ಹೋದೆ. ಬಣ್ಣದ ಡಬ್ಬಿ ನನ್ನ ಕಿವಿ ಸವರಿಕೊಂಡು ಹೋಯಿತು. ಎಡಗೈ ಗುರಿ ಇನ್ನೂ ಪಳಗಿರಲಿಲ್ಲ, ಅಷ್ಟೇ.

ಕಳೆದ ತಿಂಗಳು ಬೆಳಿಗ್ಗೆ ಸದ್ದು ಬರಲಿಲ್ಲ. ಎದೆನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ಅವರ ಹೊಲದ ಬದುವಿನ ಪಕ್ಕ ಮಣ್ಣು ಮಾಡಿದೆವು. ಮೈದುನನೂ ಬಂದಿದ್ದ. ಕಾಲು ಎಳೆದುಕೊಂಡೇ ಚಟ್ಟಕ್ಕೆ ಹೆಗಲು ಕೊಟ್ಟ, ಯಾರೂ ಬೇಡ ಅನ್ನಲಿಲ್ಲ.

ಎಲ್ಲ ಮುಗಿದು ಪಂಪ್‌ಸೆಟ್ಟಿನ ಹತ್ತಿರ ಕೈಕಾಲು ತೊಳೆಯುವಾಗ ನಾನೂ ಅವನೂ ಇಬ್ಬರೇ ಆದೆವು. ನನಗೆ ಇನ್ನು ತಡೆಯಲಾಗಲಿಲ್ಲ. "ಅದು ಹೊಸ್ತಿಲಲ್ಲ. ಅಕ್ಕ ಹೇಳಿಕೊಟ್ಟಿದ್ದೂ ಅಲ್ಲ. ನಾನೇ ಸುಳ್ಳು ಬರ್ದೆ" ಅಂದೆ. ನಾಲ್ಕು ವರ್ಷ ಹೊತ್ತ ಮಾತು, ಹೇಳಿ ಮುಗಿಸಲು ಒಂದು ಉಸಿರೂ ಬೇಕಾಗಲಿಲ್ಲ.

ಅವನು ಕಾಲು ತೊಳೆಯುತ್ತಲೇ ಇದ್ದ. "ಗೊತ್ತು" ಅಂದ.

"ಯಾವಾಗ ಗೊತ್ತಾಯ್ತು?"

"ಅವತ್ತೇ. ಮೊದಲ್ನೇ ಏಟಿಗೆ. ಬಣ್ಣ ಹಾರ್ತಲ್ಲ, ಕೆಳಗೆ ದನದ ಹಗ್ಗ ಉಜ್ಜಿ ಸವೆದಿದ್ದ ಗುರುತು ಕಾಣಿಸ್ತು. ಚಿಕ್ಕೋನಿದ್ದಾಗ ಅದೇ ಗೋದಲಿಗೆ ನಾನೇ ಹುಲ್ಲು ಹಾಕ್ತಿದ್ದೆ, ನನಗೆ ಗೊತ್ತಾಗಲ್ವಾ?" ನೀರು ನಿಲ್ಲಿಸಿ ತಲೆಯೆತ್ತಿದ. "ಆದ್ರೆ ಊರೆಲ್ಲಾ ನೋಡ್ತಿತ್ತು. ಎತ್ತಿದ ಮಚ್ಚು ಸುಮ್ನೆ ಹೆಂಗೆ ಇಳಿಸ್ಲಿ? ಅದಕ್ಕೇ ನಿನ್ನ ಕೇಳ್ದೆ. ಅಲ್ಲ ಅಂತ ನೀನು ಒಂದು ಮಾತು ಅಂದಿದ್ರೆ ಇಳಿಸ್ತಿದ್ದೆ ಕಣೋ. ನಿನ್ನ ಬಾಯಿನೇ ನೋಡ್ತಿದ್ದೆ."

ಅವನ ಕೊರಳಪಟ್ಟಿ ಹಿಡಿದದ್ದು ಗೊತ್ತು. ಎಷ್ಟು ಸಲ ಹೊಡೆದೆನೋ ಗೊತ್ತಿಲ್ಲ. ಮೂಗಿಂದ ರಕ್ತ ಇಳಿದು ಅವನ ಒದ್ದೆ ಪಂಚೆಗೆ ಹರಡಿತು. ಅವನು ತಿರುಗಿ ಹೊಡೆಯಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಭಾವ ಹೊಲದಿಂದ ಓಡಿ ಬಂದು ಇಬ್ಬರ ನಡುವೆ ನಿಂತರು. ಅವರ ಕೈಯಲ್ಲಿ ಇನ್ನೂ ಅಕ್ಕನ ಗುಂಡಿಯ ಮಣ್ಣಿತ್ತು.

"ಏನಾಯ್ತ್ರೋ? ಇವತ್ತೂ ಬೇಕಾ ನಿಮಗೆ ಇದು? ಯಾಕೆ ಹೊಡಿತಿದ್ದೀಯ ಅವನ್ನ, ಹೇಳು" ಅಂತ ನನ್ನ ಮುಖ ನೋಡಿದರು.

ನಾನು ಬಾಯಿ ಬಿಡಲಿಲ್ಲ.